ಚಂದ್ರಿಕಾ ಹಡಗಿನ ಗೋಡೆ

ರೋಣ
೧೨ ನವೆಂಬರ್ ೨೦೨೪

ಪ್ರೀತಿಯ ಗೌತಮಿಗೆ,

ನಿನ್ನ ಹಸನಬಿಯ ನೂರಾರು ನೆನಪುಗಳು. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಓದು. ಜುಲೈಯಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡೆ, ಸೆಪ್ಟೆಂಬರಿನಲ್ಲಿ ಎಡಗಣ್ಣಿನದು. ಡಾಕ್ಟರರು ಪ್ರತಿ ಸಲವೂ ಒಂದು ತಿಂಗಳು ಓದುವುದು ಬರೆಯುವುದು ಬೇಡ ಎಂದಿದ್ದರು. ಈಗ ಎಲ್ಲ ಸ್ವಚ್ಛವಾಗಿ ಕಾಣುತ್ತದೆ. ಎಷ್ಟು ಸ್ವಚ್ಛವೆಂದರೆ, ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡು ಇಷ್ಟೊಂದು ಗೆರೆ ಯಾವಾಗ ಬಂದವು ಎಂದು ಗಾಬರಿಯಾದೆ. ನಿನ್ನ ಮೊಣಕಾಲು ಹೇಗಿದೆ? ಧಾರವಾಡದ ಮನೆಗೆ ಮೆಟ್ಟಿಲು ಹೆಚ್ಚು ಎಂದು ಬರೆದಿದ್ದೆ. ರೂಪಾಗೆ ಹೇಳಿ ಕೆಳಗಿನ ಕೋಣೆಗೇ ಹಾಸಿಗೆ ಹಾಕಿಸಿಕೋ. ಮಗಳ ಮನೆಯಲ್ಲಿ ಸಂಕೋಚ ಮಾಡಬೇಡ.

ಇಲ್ಲಿ ಎಲ್ಲರೂ ಕ್ಷೇಮ. ಮಗ ಆರಿಫನ ಅಂಗಡಿ ನಡೆಯುತ್ತಿದೆ. ಬಡಗಿಯಾಗಿದ್ದ ನನ್ನ ಅಬ್ಬಾನ ಮೊಮ್ಮಗ ಅವನು, ಈಗ ಅಲ್ಯೂಮಿನಿಯಂ ಕಿಟಕಿ ಕೂರಿಸುತ್ತಾನೆ, ಮರ ಮುಟ್ಟುವುದೇ ಅಪರೂಪ. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿದೆ.

ಈ ಸಂಗತಿಯನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಎರಡು ಸಲ ನಿನ್ನ ನಂಬರು ಒತ್ತಿ ಇಟ್ಟುಬಿಟ್ಟೆ. ಕೈಗೆ ಪೆನ್ನು ಬಂದರೆ ಬರೆಯಬಲ್ಲೆ ಎನ್ನಿಸಿತು. ಮೂವತ್ತೆಂಟು ವರ್ಷ ಮಕ್ಕಳಿಗೆ ಶುದ್ಧಬರಹ ತಿದ್ದಿಸಿದ ಕೈಯಲ್ಲವೆ?

ಅಕ್ಟೋಬರ್ ಕೊನೆಯ ವಾರ. ಗಜೇಂದ್ರಗಡದಿಂದ ಕಮ್ಮಾರ ಕರೆಪ್ಪನವರ ಫೋನು ಬಂತು. ನಿನಗೆ ನೆನಪಿರಬಹುದು, ನಮ್ಮ ಹಳೆಯ ಮನೆಯ ಎದುರಿಗೆ ಕುಲುಮೆ ಇತ್ತಲ್ಲ, ಅವರೇ. ಅಬ್ಬಾ ಮಾಡಿದ ಕೂರಿಗೆಗೆ ಕಬ್ಬಿಣ ಹಾಕುತ್ತಿದ್ದವರು. ಈಗ ಎಂಬತ್ತೇಳು. ಯಾರೋ ರತ್ನಾಗಿರಿ ಕಡೆಯ ಹೆಣ್ಣುಮಗಳು ಬಂದು ಮುಂಜಾನೆಯಿಂದ ಬಜಾರಿನ ತುಂಬ ಅಬ್ದುಲಮಜೀದ ಮಿಸ್ತ್ರಿಯ ಮನೆ, ಅಂದರೆ ನಮ್ಮ ಅಬ್ಬಾನ ಮನೆ, ಕೇಳುತ್ತಿದ್ದಳಂತೆ. ಈಗಿನವರಿಗೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಯಾರೋ ಇವರ ಬಳಿ ಕರೆತಂದರು. ಇವರು ಕೇಳಿದರಂತೆ: “ಹಡಗಿನ ಮಜೀದಸಾಬರನ್ನ ಹುಡಕಾಕತ್ತೀಯೇನವಾ?” ಆ ಮಾತಿಗೆ ಆಕೆ ಅವರ ಕಟ್ಟೆಯ ಮೇಲೆಯೇ ಕುಳಿತು ಅತ್ತುಬಿಟ್ಟಳಂತೆ.

ಮಧ್ಯಾಹ್ನದ ಬಸ್ಸಿಗೆ ರೋಣಕ್ಕೆ ಬಂದಳು. ಆರಿಫ ನಿಲ್ದಾಣಕ್ಕೆ ಹೋಗಿ ಕರೆತಂದ. ಹೆಸರು ತಬಸ್ಸುಮ. ನಲವತ್ತರ ಆಸುಪಾಸು, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಕೊಂಕಣದ ಕಡಲ ದಂಡೆಯವರು, ತಲೆತಲಾಂತರದಿಂದ ಹಡಗಿನ ಖಲಾಸಿಗಳು. ನಮ್ಮ ಉರ್ದು ಅವಳಿಗೆ ನಗು ತರಿಸಿತು, ಅವಳದು ನಮಗೆ. ಊಟ ಮಾಡು ಎಂದರೆ ಮೊದಲು ಇದನ್ನು ನೋಡಿ ಎಂದು ಚೀಲದಿಂದ ಎರಡು ವಸ್ತು ತೆಗೆದಿಟ್ಟಳು. ಒಂದು, ಅವಳ ಅಜ್ಜ ಸಲ್ಮಾನ ಖಲಾಸಿ ಉರ್ದುವಿನಲ್ಲಿ ಬರೆದಿಟ್ಟ ನೆನಪಿನ ಪುಸ್ತಕ; ಅಬ್ಬಾನ ಹೆಸರು, ಊರು ಅವಳಿಗೆ ಸಿಕ್ಕದ್ದು ಅದರಲ್ಲೇ. ಇನ್ನೊಂದು, ಯುದ್ಧಕಾಲದ ಒಂದು ಹಡಗಿನ ದಿನಚರಿಯ ನಕಲು, ಕಪ್ತಾನನೇ ಇಂಗ್ಲಿಷಿನಲ್ಲಿ ಬರೆದದ್ದು. ಇದನ್ನು ಹುಡುಕಲು ಅವಳಿಗೆ ಆರು ವರ್ಷ ಹಿಡಿಯಿತಂತೆ. ಹಡಗಿನ ಹೆಸರು ಓದಿದೆ. ಚಂದ್ರಿಕಾ.

ಗೌತಮಿ, ಆ ಹೆಸರು ನಿನಗೂ ಹೊಸದಲ್ಲ. ಅಬ್ಬಾನ ಬಾಯಿಂದ ಎಷ್ಟು ಸಲ ಕೇಳಿದ್ದೀಯ. ಆದರೂ ಮೊದಲಿನಿಂದ ಬರೆಯುತ್ತೇನೆ. ನನಗೇ ಅದು ಸರಿಯಾಗಿ ಗೊತ್ತಿರಲಿಲ್ಲ.

ಅಬ್ಬಾ ಹತ್ತೊಂಬತ್ತನೆಯ ವಯಸ್ಸಿಗೆ ಮುಂಬಯಿಗೆ ಹೋದವರು. ಅವರ ಸೋದರಮಾವ ಅಲ್ಲಿ ಮೇಜು ಕುರ್ಚಿ ಮಾಡುವ ಕಾರ್ಖಾನೆಯಲ್ಲಿದ್ದರು. ಅಬ್ಬಾನ ಕೈಯ ಕೆತ್ತನೆ ನೋಡಿ ಒಬ್ಬ ಹತ್ತಿಯ ದೊಡ್ಡ ವ್ಯಾಪಾರಿ ತನ್ನ ಹಡಗಿಗೆ ಕರೆದೊಯ್ದ. ಅದು ಸಾಮಾನು ಸಾಗಿಸುವ ಹಡಗಲ್ಲ. ಶ್ರೀಮಂತರು ಸಮುದ್ರದ ಮೇಲೆ ಹವಾ ತಿನ್ನಲು ಇಟ್ಟುಕೊಳ್ಳುವ ಸ್ವಂತದ ಹಡಗು, ಯಾಟ್ ಎನ್ನುತ್ತಾರೆ. ಹನ್ನೆರಡು ಅತಿಥಿಗಳಿಗೆ ಹನ್ನೆರಡು ಕೋಣೆ. ನಡುವೆ ಒಂದು ದಿವಾನಖಾನೆ, ಅದರಲ್ಲಿ ಪಿಯಾನೊ, ಗಾಜಿನ ದೀಪದ ಗೊಂಚಲು. ಆ ದಿವಾನಖಾನೆಯ ನಾಲ್ಕೂ ಗೋಡೆಗೆ ಸಾಗವಾನಿ ಹಲಗೆ ಹೊದಿಸಿ ಕೆತ್ತಬೇಕಿತ್ತು. ಅಬ್ಬಾ ಎರಡು ವರ್ಷ ಅದೊಂದನ್ನೇ ಮಾಡಿದರು. ವ್ಯಾಪಾರಿ ಗುಲಾಬಿ ಹೂ ಕೇಳಿದ್ದನಂತೆ. ಅಬ್ಬಾ ಗುಲಾಬಿಯ ಬಳ್ಳಿಯ ನಡುನಡುವೆ ಜೋಳದ ತೆನೆ ಸೇರಿಸಿದರು, ತೆನೆಗೆ ಬಾಯಿ ಹಾಕುವ ಗಿಳಿಗಳನ್ನೂ. ವ್ಯಾಪಾರಿ ಸಿಟ್ಟಾಗಲಿಲ್ಲ. ಇದು ಯಾವ ದೇಶದ ಹೂವು ಎಂದು ಕೇಳಿದನಂತೆ.

ಎರಡನೆಯ ಮಹಾಯುದ್ಧ ಬಂತು. ನೌಕಾಪಡೆ ತನ್ನ ಹಡಗುಗಳು ಸಾಲದೆ ಖಾಸಗಿಯವರ ಹಡಗುಗಳನ್ನೂ ತೆಗೆದುಕೊಂಡಿತು. ಹಾಲಿನಂತೆ ಬೆಳ್ಳಗಿದ್ದ ಚಂದ್ರಿಕಾಗೆ ಬೂದಿಬಣ್ಣ ಬಳಿದರು. ಅತಿಥಿಗಳು ಕುಣಿಯುತ್ತಿದ್ದ, ಹಡಗಿನ ಮುಂದಿನ ತೆರೆದ ಅಟ್ಟದ ಮೇಲೆ ತೋಪು ಕೂರಿಸಿದರು. ಕುಣಿತಕ್ಕೆಂದು ಹಾಸಿದ ಹಲಗೆ ತೋಪಿನ ಭಾರ ತಡೆಯುವುದಿಲ್ಲವೆಂದು ಅಬ್ಬಾ ಕೆಳಗಿನಿಂದ ತೊಲೆ ಕೊಟ್ಟರು. ಮೊದಲ ಸಲ ತೋಪು ಹಾರಿಸಿದಾಗ ದೀಪದ ಗೊಂಚಲು ಕಳಚಿ ಬಿದ್ದು ಚೂರಾಯಿತು. ಕೆತ್ತಿದ ಗೋಡೆಗಳನ್ನು ಬಿಚ್ಚಲು ಯಾರಿಗೂ ವೇಳೆ ಇರಲಿಲ್ಲ, ಹಾಗೆಯೇ ಉಳಿದವು. ನಾವಿಕರು ಆ ದಿವಾನಖಾನೆಯಲ್ಲಿ ಉಣ್ಣುತ್ತಿದ್ದರು, ಹಸಿ ಅಂಗಿಗಳನ್ನು ಗಿಳಿಗಳ ಕೊಕ್ಕಿಗೆ ತೂಗುಹಾಕುತ್ತಿದ್ದರು.

ಅಬ್ಬಾಗೆ ಇನ್ನು ಊರಿಗೆ ಹೋಗು ಎಂದರು, ಹೋಗಲಿಲ್ಲ. ಹಡಗಿನ ಬಡಗಿಯೆಂದು ನೌಕಾಪಡೆಗೆ ಹೆಸರು ಬರೆಸಿದರು. ಯಾಕೆ ಎಂದು ನಾವು ಚಿಕ್ಕವರಿದ್ದಾಗ ಕೇಳಿದರೆ, “ನಾ ಮಾಡಿದ್ದು ಅಲ್ಲೇ ಇತ್ತಲ್ಲವಾ, ನಾ ಎಲ್ಲಿಗೆ ಹೋಗ್ಲಿ?” ಎನ್ನುತ್ತಿದ್ದರು. ಈಜು ಬಾರದ ಮನುಷ್ಯ. ಮೊದಲ ಹನ್ನೊಂದು ದಿನ ವಾಂತಿ ಬಿಟ್ಟರೆ ಬೇರೇನೂ ಮಾಡಲಿಲ್ಲವಂತೆ. ಮೂರು ವರ್ಷ ಆ ಪುಟ್ಟ ಹಡಗು ಕರಾಚಿಗೂ ಮುಂಬಯಿಗೂ ನಡುವೆ ಸರಕಿನ ಹಡಗುಗಳ ಜೊತೆ ಕಾವಲು ತಿರುಗಿತು. ದಿನಚರಿಯಲ್ಲಿ ಪುಟಗಟ್ಟಲೆ ಒಂದೇ ಮಾತು: ‘ಏನೂ ಕಾಣಲಿಲ್ಲ.’

ಸಾವಿರದ ಒಂಬೈನೂರ ನಲವತ್ತಮೂರರ ಸೆಪ್ಟೆಂಬರಿನಲ್ಲಿ ಕಂಡಿತು.

ಜಪಾನಿನ ಜಲಾಂತರ್ಗಾಮಿಯೊಂದು ಅರಬ್ಬಿ ಸಮುದ್ರದ ನಡುವೆ ಒಂದು ಸರಕಿನ ಹಡಗನ್ನು ಮುಳುಗಿಸಿತ್ತು. ಬದುಕಿದವರನ್ನು ಹುಡುಕಲು ಚಂದ್ರಿಕಾಗೆ ಹೇಳಿಕಳಿಸಿದರು. ಮೂರು ದಿನ ಹುಡುಕಿದರು. ಮೂರನೆಯ ದಿನ ಇಳಿಹೊತ್ತಿಗೆ ಒಂದಕ್ಕೊಂದು ಹಗ್ಗ ಕಟ್ಟಿಕೊಂಡಿದ್ದ ಎರಡು ದೋಣಿ ಸಿಕ್ಕವು. ಅರವತ್ತೆಂಟು ಜನ. ಆರು ದಿನದಿಂದ ಬಿಸಿಲು, ಮಳೆ, ಉಪ್ಪುನೀರು. ಅವರಲ್ಲಿ ಇಪ್ಪತ್ತೆರಡು ವರ್ಷದ ಸಲ್ಮಾನ, ಈ ತಬಸ್ಸುಮಳ ಅಜ್ಜ. ಅವನನ್ನು ಎತ್ತಿ ತಂದು ದಿವಾನಖಾನೆಯ ನೆಲದ ಮೇಲೆ ಮಲಗಿಸಿ, ಕಿಟಕಿಯ ಮಖಮಲ್ಲಿನ ಪರದೆ ಕಿತ್ತು ಹೊದಿಸಿದರಂತೆ. ಕಣ್ಣು ಬಿಟ್ಟಾಗ ಗೋಡೆಯ ತುಂಬ ತೆನೆಗಳು, ಗಿಳಿಗಳು. ‘ನಾನು ಸತ್ತೆನೆಂದೂ ಇದು ಜನ್ನತ್ ಎಂದೂ ತಿಳಿದೆ’ ಎಂದು ಬರೆದಿದ್ದಾನೆ. ಈ ಸಾಲನ್ನು ತಬಸ್ಸುಮ ಓದಿದಾಗ ಆರಿಫ ಎದ್ದು ಹೋಗಿ ಅಂಗಳದಲ್ಲಿ ನಿಂತುಕೊಂಡ.

ತಿರುಗಿ ಬರುವಾಗ ಎದುರುಗಾಳಿ. ಹುಡುಕಾಟಕ್ಕೇ ಕಲ್ಲಿದ್ದಲು ಬಹಳ ಖರ್ಚಾಗಿತ್ತು. ಎರಡನೆಯ ದಿನ ಮುಂಜಾನೆ ಇಂಜಿನ್ನಿನವನು ಬಂದು ಕಪ್ತಾನನಿಗೆ ಹೇಳಿದ: ಇದ್ದಲು ಎಂಟು ಗಂಟೆಗೆ ಸಾಕು, ಮುಂಬಯಿ ಹದಿನಾಲ್ಕು ಗಂಟೆಯ ದಾರಿ. ವೈರ್‌ಲೆಸ್ಸಿನಲ್ಲಿ ಸಹಾಯ ಕೇಳುವಂತಿಲ್ಲ, ಕೇಳಿದರೆ ಆ ಜಲಾಂತರ್ಗಾಮಿಗೂ ಕೇಳಿಸುತ್ತದೆ. ಬೆಂಕಿ ಆರಿದರೆ ಹಡಗು ನಿಂತಲ್ಲೇ ನಿಲ್ಲುತ್ತದೆ, ಅದರೊಳಗೆ ನೂರಕ್ಕೂ ಹೆಚ್ಚು ಜನ. ಮೊದಲು ಕುರ್ಚಿ, ಮಂಚ, ಕೋಣೆಯ ಬಾಗಿಲು ಒಲೆಗೆ ಹೋದವು. ಪಿಯಾನೊ ಹೋಯಿತು. ಅದರ ತಂತಿಗಳನ್ನು ಕಿತ್ತು ಸಮುದ್ರಕ್ಕೆ ಎಸೆದರಂತೆ. ಆಮೇಲೆ ಕಪ್ತಾನ ಅಬ್ಬಾನನ್ನು ದಿವಾನಖಾನೆಗೆ ಕರೆಸಿ, ಇನ್ನೇನು ಉರಿಯುತ್ತದೆ ಮಿಸ್ತ್ರಿ ಎಂದು ಕೇಳಿದ. ಅವನಿಗೆ ಗೊತ್ತಿತ್ತು, ಅಬ್ಬಾಗೂ ಗೊತ್ತಿತ್ತು.

ಸಲ್ಮಾನ ನೆಲದ ಮೇಲೆ ಮಲಗಿ ಕೇಳಿದ ಮಾತು ಆ ಪುಸ್ತಕದಲ್ಲಿದೆ. ಅಬ್ಬಾನ ಬಾಯಲ್ಲಿ ಹೇಗೆ ಬರುತ್ತಿತ್ತೋ ಹಾಗೆ ಬರೆಯುತ್ತೇನೆ. “ಈ ಗ್ವಾಡಿ ಉರೀತೈತ್ರಿ ಸಾಹೇಬ, ಚಲೋ ಸಾಗವಾನಿ. ಆದ್ರ ಬ್ಯಾರೇದವ್ರು ಕೈ ಹಚ್ಚೂದು ಬ್ಯಾಡ. ನಾನ ತಗೀತೀನಿ.”

ಮೊದಲು ಉಳಿ ಹಿಡಿದು ಸಂದುಗಳನ್ನು ಬಿಡಿಸತೊಡಗಿದರಂತೆ. ಮೊಳೆ ಇಲ್ಲದೆ ಕೂರಿಸಿದ ಹಲಗೆಗಳು, ಕೂರಿಸಿದ ಕೈಗೇ ಬಿಡಿಸುವ ದಾರಿ ಗೊತ್ತು. ಇಷ್ಟು ನಿಧಾನ ಆಗದು ಎಂದು ಇಂಜಿನ್ನಿನವನು ಕೂಗಿದ. ಅಬ್ಬಾ ಉಳಿ ಕೆಳಗಿಟ್ಟು ಕೊಡಲಿ ತೆಗೆದುಕೊಂಡರು. ಸಲ್ಮಾನ ಬರೆದಿದ್ದಾನೆ: ‘ಪ್ರತಿ ಹಲಗೆಯ ಮೇಲೂ ಒಮ್ಮೆ ಅಂಗೈ ಆಡಿಸುತ್ತಿದ್ದರು. ಆಮೇಲೆ ಹೊಡೆಯುತ್ತಿದ್ದರು. ಒಂದು ಸಲವೂ ಕಣ್ಣು ಮುಚ್ಚಲಿಲ್ಲ.’ ಇದನ್ನು ಯಾರು ಕೆತ್ತಿದ್ದು ಎಂದು ಅವನು ಕೇಳಿದ. ಅಬ್ಬಾ ನಾನೇ ಎಂದರು. ಹಾಗಾದರೆ ನೆನಪಿಗೆ ಒಂದಾದರೂ ಹಲಗೆ ಇಟ್ಟುಕೊಳ್ಳಿ ಎಂದು ಆ ನಡುಗುವ ಹುಡುಗ ಬೇಡಿಕೊಂಡನಂತೆ. ಅದಕ್ಕೆ ಅಬ್ಬಾ ಅಂದದ್ದು: “ಒಂದ ಹಲಗಿ ಕಡಿಮಿ ಬಿದ್ದು ಹಡಗ ನಿಂತ್ರ, ಆ ಹಲಗಿ ನೋಡಾಕ ಯಾರ ಇರತಾರ?”

ಕಪ್ತಾನನ ದಿನಚರಿಯಲ್ಲಿ ಅಂದಿನ ಪುಟವನ್ನು ನಾನೇ ಓದಿದೆ. ಹೊಸ ಕಣ್ಣು ಬಂದದ್ದು ಇದನ್ನು ಓದಲಿಕ್ಕೇ ಎನ್ನಿಸಿತು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಗೋಡೆ ಒಡೆಯಲು ಆರಂಭ. ಹನ್ನೊಂದೂ ನಲವತ್ತಕ್ಕೆ ಬಾಯ್ಲರಿನ ಒತ್ತಡ ಸರಿಯಾಗಿದೆ. ಎರಡೂವರೆಗೆ ಕೊನೆಯ ಗೋಡೆ. ಅದರ ಕೆಳಗೆ ಇಷ್ಟೇ: ‘ಗೋಡೆಗಳು ಬಡಗಿ ಅಬ್ದುಲ್ ಮಜೀದನ ಸ್ವಂತ ಕೆಲಸ. ನೆರವು ಬೇಡವೆಂದ.’ ಆ ಮನುಷ್ಯ ಇನ್ನೊಂದು ಪದ ಬರೆದಿಲ್ಲ. ನಾನು ಆ ಎರಡು ಸಾಲನ್ನು ಎಷ್ಟು ಹೊತ್ತು ನೋಡುತ್ತ ಕುಳಿತೆನೋ ತಿಳಿಯದು. ರೊಟ್ಟಿ ಬಡಿಯಲು ನಾದುತ್ತಿದ್ದ ಹಿಟ್ಟು ಕೈಯಲ್ಲೇ ಒಣಗಿ ಬಿರುಕು ಬಿಟ್ಟಿತ್ತು.

ಸಂಜೆಗೆ ಮುಂಬಯಿ ಬಂದರು ಕಂಡಿತು. ಅರವತ್ತೆಂಟರಲ್ಲಿ ಮೂವರು ದಾರಿಯಲ್ಲಿ ತೀರಿಕೊಂಡರು, ಅರವತ್ತೈದು ಜನ ನೆಲಕ್ಕೆ ಕಾಲಿಟ್ಟರು. ಸಾಗವಾನಿಯ ಹೊಗೆಯ ವಾಸನೆಗೆ ಬಂದರುಕಟ್ಟೆಯ ಮೇಲಿದ್ದ ಕೂಲಿಗಳು ಇದ್ಯಾವ ಹಡಗು ಎಂದು ಮೂಗೆತ್ತಿ ನೋಡಿದರಂತೆ. ಹದಿನೈದು ದಿನಕ್ಕೆ ಚಂದ್ರಿಕಾ ಮತ್ತೆ ಕಾವಲಿಗೆ ಹೊರಟಿತು, ಒಳಗೆ ಬರೀ ಕಬ್ಬಿಣದ ಗೋಡೆ. ಯುದ್ಧ ಮುಗಿದ ಮೇಲೆ ವ್ಯಾಪಾರಿ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ, ಗುಜರಿಗೆ ಹೋಯಿತು. ಅಬ್ಬಾ ಗಜೇಂದ್ರಗಡಕ್ಕೆ ಬಂದರು.

ಮರುದಿನ ತಬಸ್ಸುಮಳನ್ನು ಗಜೇಂದ್ರಗಡಕ್ಕೆ ಕರೆದೊಯ್ದೆ. ಅವಳಿಗೆ ಅಬ್ಬಾ ಕೆತ್ತಿದ್ದು ಏನಾದರೂ ನೋಡಬೇಕಿತ್ತು. ನಾನು ಯೋಚಿಸಿದೆ, ಏನೂ ನೆನಪಾಗಲಿಲ್ಲ. ಕರೆಪ್ಪನವರು ನಕ್ಕರು. ಊರಿಗೆ ಬಂದಮೇಲೆ ಅವರು ಒಂದು ಎಲೆಯನ್ನೂ ಕೆತ್ತಲಿಲ್ಲವಂತೆ. ಕೂರಿಗೆ, ಕುಂಟೆ, ಚಕ್ಕಡಿಯ ಗಾಲಿ, ಸಾದಾ ಚೌಕಟ್ಟು, ಇಷ್ಟೇ. ಮದುವೆ ಮನೆಯವರು ಬಾಗಿಲಿಗೆ ಎರಡು ಗಿಳಿ ಹಾಕಿಕೊಡಿ ಎಂದರೆ, “ಅದು ಮುಗೀತು, ಬ್ಯಾರೆ ಕೆಲಸ ಹೇಳ್ರಿ” ಎನ್ನುತ್ತಿದ್ದರಂತೆ. ನಾನು ಆ ಮನೆಯಲ್ಲಿ ಹುಟ್ಟಿ ಬೆಳೆದವಳು, ಅಬ್ಬಾ ಯಾಕೆ ಕೆತ್ತುವುದಿಲ್ಲ ಎಂದು ಒಂದು ದಿನ ಕೇಳಿದವಳಲ್ಲ. ಅವರಿಗೆ ಕೆತ್ತಲು ಬರುತ್ತದೆ ಎಂಬುದರಲ್ಲೇ ನನಗೆ ನಂಬಿಕೆ ಇರಲಿಲ್ಲವೇನೋ.

ಕರೆಪ್ಪನವರ ಮನೆಯ ತಲೆಬಾಗಿಲು ಅಬ್ಬಾ ಮಾಡಿದ್ದು. ತಬಸ್ಸುಮ ಅದನ್ನು ಮುಚ್ಚಿದಳು, ತೆರೆದಳು. ಐವತ್ತು ವರ್ಷದ ಬಾಗಿಲು, ಸದ್ದಿಲ್ಲ. ಆಮೇಲೆ ಆ ಸಾದಾ ಚೌಕಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತಳು. ಹೋಗುವಾಗ ಒಂದು ಮಾತು ಹೇಳಿದಳು. ನಾನು ಈವರೆಗೆ ಕೇಳಿದ ಮಾತುಗಳಲ್ಲೇ ದೊಡ್ಡದು ಅದು: “ಆಪಾ, ನನ್ನ ಅಜ್ಜ ತನ್ನ ಹಿರಿಯ ಮಗನಿಗೆ ಇಟ್ಟ ಹೆಸರು ಅಬ್ದುಲಮಜೀದ. ನಾನು ಅಬ್ದುಲಮಜೀದನ ಮಗಳು. ನೀವೂ ಅಬ್ದುಲಮಜೀದರ ಮಗಳು.” ಆಕೆಯನ್ನು ತಬ್ಬಿಕೊಂಡೆ. ಬಸ್ಸು ಹೊರಡುವವರೆಗೂ ಕೈ ಬಿಡಲಿಲ್ಲ.

ಆ ಬಸ್ಸಿನ ಕಿಟಕಿಯಿಂದಲೇ ಅವಳು ಕೇಳಿದಳು, ಇದೆಲ್ಲ ನಿಮಗೆ ನಿಮ್ಮ ಅಬ್ಬಾ ಹೇಳಿರಬೇಕಲ್ಲ ಎಂದು. ಚಿಕ್ಕವರಿದ್ದಾಗ ಹೇಳುತ್ತಿದ್ದರು ಎಂದೆ. ಆಮೇಲೆ? ಎಂದಳು. ಅಷ್ಟರಲ್ಲಿ ಬಸ್ಸು ಹೊರಟಿತು. ಹೊರಟದ್ದು ಒಳ್ಳೆಯದಾಯಿತು.

ಇಷ್ಟುದ್ದ ಕಾಗದ ಬರೆದು ನಿನ್ನ ಕಣ್ಣಿಗೂ ಶ್ರಮ ಕೊಟ್ಟೆ. ಕತ್ತು ಬಗ್ಗಿಸಿ ಬಗ್ಗಿಸಿ ನೋಯುತ್ತಿದೆ. ರೂಪಾಗೆ, ಅವಳ ಮಕ್ಕಳಿಗೆ ನನ್ನ ತುಂಬು ದುವಾ. ಓದಿ ಬೆಳೆಯಲಿ, ಯಾರ ಮುಂದೆಯೂ ತಲೆ ತಗ್ಗಿಸದ ಹಾಗೆ ಬಾಳಲಿ. ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ನಮ್ಮಿಬ್ಬರಿಗೂ ಇನ್ನೊಮ್ಮೆ ಎದುರಾಬದುರು ಕುಳಿತು ಚಹಾ ಕುಡಿಯುವ ಆಯುಷ್ಯ ಕೊಡಲಿ.

ನಿನ್ನ
ಹಸನಬಿ

ತಾ.ಕ.: ಸಹಿ ಮಾಡಿ ಮಡಿಚಿಟ್ಟಿದ್ದೆ. ಎರಡು ದಿನ ಅದು ಕಪಾಟಿನಲ್ಲಿಯೇ ಇತ್ತು. ಈ ಮಾತು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಸುಳ್ಳಾಗುತ್ತದೆ.

ನಾವಿಬ್ಬರೂ ನರಗುಂದದ ಶಾಲೆಯಲ್ಲಿದ್ದಾಗ, ಎಂಬತ್ತೊಂದರ ಆಗಸ್ಟ್ ಹದಿನೈದು. ಹೆಡ್‌ಮಾಸ್ತರರೇ ಅಬ್ಬಾನನ್ನು ಕರೆಸಿದ್ದರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮೊದಲ ಬಸ್ಸಿಗೆ ಬಂದಿದ್ದರು. ಮಕ್ಕಳಿಗೆ ಚಂದ್ರಿಕಾದ ಕಥೆ ಹೇಳಿದರು. ಪಿಯಾನೊ ಒಲೆಗೆ ಹಾಕಿದೆವು ಎಂದಾಗ ಹಿಂದಿನ ಸಾಲಿನಲ್ಲಿ ಮಾಸ್ತರರು ನಕ್ಕರು. ನನಗೆ ಇಪ್ಪತ್ತೈದು ವರ್ಷ, ಕೆಲಸಕ್ಕೆ ಸೇರಿ ಎರಡು ವರ್ಷ. ನನಗೆ ನಾಚಿಕೆಯಾಯಿತು. ಎದ್ದು ಹೋಗಿ ಅವರ ಮುಂದಿನ ಮೈಕಿಗೆ ಬಾಯಿ ಕೊಟ್ಟು, “ಮಕ್ಕಳೇ, ಇದು ಬರೇ ಕಲ್ಪನೆಯ ಕಥಿ, ಖರೇ ಅಂತ ತಿಳ್ಕೋಬ್ಯಾಡ್ರಿ” ಎಂದೆ. ಅಬ್ಬಾ ನನ್ನನ್ನು ನೋಡಿದರು. ಆಮೇಲೆ ಅದೇ ಮೈಕಿನಲ್ಲಿ, “ಹೌದ್ರಿ ಮಕ್ಕಳ, ಟೀಚರ ಹೇಳಿದ್ದು ಖರೇ ಐತಿ” ಎಂದು ಹೇಳಿ ಕುಳಿತರು. ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ದರು. ಹಡಗಿನ ಹೆಸರನ್ನು ಮತ್ತೆ ಎತ್ತಲಿಲ್ಲ. ನನ್ನ ಮೇಲೆ ಸಿಟ್ಟನ್ನೂ ಮಾಡಲಿಲ್ಲ. ನನ್ನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವರು ಅವರೇ.

ಆ ದಿನ ಮಕ್ಕಳಿಗೆ ಪೇಢೆ ಹಂಚುವ ನೆಪ ಮಾಡಿ ನಾನು ಶಾಲೆಯಲ್ಲೇ ಉಳಿದೆ. ಅಬ್ಬಾನನ್ನು ಬಸ್ ನಿಲ್ದಾಣದವರೆಗೆ ನಡೆಸಿಕೊಂಡು ಹೋದವಳು ನೀನು. ತಿರುಗಿ ಬಂದಾಗ ನಿನ್ನ ಕಣ್ಣು ಕೆಂಪಾಗಿದ್ದವು. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ನಲವತ್ತಮೂರು ವರ್ಷ ನಾವು ಎಲ್ಲ ಮಾತಾಡಿದ್ದೇವೆ, ಅದೊಂದನ್ನು ಬಿಟ್ಟು.

ಗೌತಮಿ, ಆ ದಾರಿಯಲ್ಲಿ ಅಬ್ಬಾ ನಿನಗೆ ಏನು ಹೇಳಿದರು? ನನಗೆ ನೋವಾಗುತ್ತದೆಂದು ಮೆತ್ತಗೆ ಮಾಡಬೇಡ. ಅವರು ಅಂದದ್ದನ್ನು ಅಂದ ಹಾಗೆಯೇ ಬರೆ.